ಥಮ್ ಅಂದರೆ ನಿಲ್ಲಬೇಕು: ನಮ್ಮ ಡ್ರಿಲ್ ತಂಡದ 2022–23

ಈ ವರ್ಷ ನನ್ನ ಬೂಟಿನ ಹಿಮ್ಮಡಿಗೆ ಮೂರು ಸಲ ನಾಲ ಬಿದ್ದಿದೆ. ಮೂರನೇ ಸಲ ಹೋದಾಗ ಬೂಟು ಹೊಲಿಯುವ ಅಜ್ಜ ಕೇಳಿಯೇಬಿಟ್ಟ: “ಎತ್ತಿನ ನಾಲ ಸೈತ ಇಷ್ಟ್ ಲಗೂ ಸವಿಯಂಗಿಲ್ಲವಾ. ಏನ್ ಮಾಡ್ತೀ ಇವನ್ನ ಹಾಕ್ಕೊಂಡು?”

ನಮ್ಮ ಕಾಲೇಜಿನ ಎನ್‌ಸಿಸಿ ಡ್ರಿಲ್ ತಂಡದವರು ಏನು ಮಾಡಿದೆವು ಅಂತ ಬರೆದಿಡುತ್ತಿದ್ದೇನೆ. ಡೈರಿಯಲ್ಲಿ ಇದ್ದದ್ದನ್ನೇ ಸ್ವಲ್ಪ ಬಿಡಿಸಿ ಬರೆದಿದ್ದು.

ಜೂನ್–ಜುಲೈ

ಆಯ್ಕೆಗೆ ಬಂದವರು ಅರವತ್ತಕ್ಕೂ ಹೆಚ್ಚು, ಉಳಿದವರು 27. ಮೂರು ಸಾಲು, ಸಾಲಿಗೆ ಒಂಬತ್ತು ಮಂದಿ, ಮುಂದೆ ಕಮಾಂಡರ್ ಆಗಿ ನಾನು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೈದಾನ ಸಿಗುವುದು ವಾರಕ್ಕೆರಡು ದಿನ. ಉಳಿದ ದಿನ ವರಾಂಡದಲ್ಲೇ ಕದಮ್ ತಾಲ್, ಅಂದರೆ ನಿಂತಲ್ಲೇ ಹೆಜ್ಜೆ ಹಾಕುವುದು. ಮೇಲಿನ ಮಹಡಿಯಲ್ಲಿ ಪಾಠ ಮಾಡುತ್ತಿದ್ದ ಮೇಡಮ್ಮು ಎರಡು ಸಲ ಇಳಿದು ಬಂದರು. ಮೂರನೇ ಸಲ ಬರಲಿಲ್ಲ, ಬಾಗಿಲು ಹಾಕಿಕೊಂಡರು.

ತೇಜ್ ಚಲ್‌ನಲ್ಲಿ, ಅಂದರೆ ಚುರುಕು ನಡಿಗೆಯಲ್ಲಿ, ಒಂದು ಹೆಜ್ಜೆ 30 ಇಂಚು, ನಿಮಿಷಕ್ಕೆ 120 ಹೆಜ್ಜೆ. ಹೇಳುವುದು ಸುಲಭ. ನವಲಗುಂದದ ಆರಡಿ ಹುಡುಗ ಹೊಲದ ಬದು ದಾಟುವವನ ಹಾಗೆ ಹೆಜ್ಜೆ ಹಾಕುತ್ತಿದ್ದ, ಅವನ ಪಕ್ಕದ ಕಲಘಟಗಿ ಹುಡುಗಿಗೆ ಅರ್ಧ ಓಟ. ಕೊನೆಗೆ ನೆಲದ ಮೇಲೆ 30 ಇಂಚಿಗೊಂದರಂತೆ ರಂಗೋಲಿ ಪುಡಿಯ ಗೆರೆ ಎಳೆದು, ಹದಿನೈದು ದಿನ ಗೆರೆ ಮೇಲೇ ನಡೆಸಿದೆವು.

ಆಗಸ್ಟ್ 15

ಸ್ವಾತಂತ್ರ್ಯಕ್ಕೆ 75 ತುಂಬಿದ ವರ್ಷ. 13ರಿಂದ 15ರವರೆಗೆ ಮೂರು ದಿನದಲ್ಲಿ ನಾಲ್ಕು ಕಡೆ ನಿಂತೆವು. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಮಳೆಗೆ ಸಿಕ್ಕು ಮತ್ತೆ ಗಂಜಿಯೇ ಆಯಿತು.

ಕಾಲೇಜಿನಲ್ಲಿ ಏರಿಸಿದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಬಾವುಟ. ನೆನೆದ ಖಾದಿ ಬಿಚ್ಚಿಕೊಳ್ಳಲು ತಡಮಾಡಿತು. ಅಷ್ಟೂ ಹೊತ್ತು ಮುಂದಿನ ಸಾಲು ಸಲಾಮಿ ಶಸ್ತ್ರದಲ್ಲಿ, ಅಂದರೆ ಬಂದೂಕಿನಿಂದ ವಂದಿಸುವ ಭಂಗಿಯಲ್ಲಿ, ನಾಲ್ಕು ಕಿಲೊ ಮೀರಿದ ಡ್ರಿಲ್ ರೈಫಲ್ ಎತ್ತಿ ಹಿಡಿದು ನಿಂತಿತ್ತು. ಒಬ್ಬನ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಧ್ವಜ ಸಂಹಿತೆಯನ್ನು 2021ರ ಡಿಸೆಂಬರಿನಲ್ಲಿ ತಿದ್ದಿದ ಮೇಲೆ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಇದೆ. ಹಗುರ, ಬೇಗ ಒಣಗುತ್ತದೆ, ನಿಜ. ಆದರೂ ಇಷ್ಟು ಹತ್ತಿರ ಬೆಂಗೇರಿ ಇಟ್ಟುಕೊಂಡು ನಾವು ಅಂಗಡಿಯ ಪಾಲಿಯೆಸ್ಟರ್ ತಂದು ಏರಿಸುವುದು ನನಗಂತೂ ಸರಿಕಾಣಲಿಲ್ಲ.

ಅಕ್ಟೋಬರ್ 28

ಕೋಟಿ ಕಂಠ ಗಾಯನ, ರಾಜ್ಯದ ತುಂಬ ಒಟ್ಟಿಗೆ ಕನ್ನಡ ಹಾಡು ಹಾಡುವ ಕಾರ್ಯಕ್ರಮ. ನಿಂತಲ್ಲೇ ಹಾಡಿದೆವು, ಕಾಲಿಗೆ ರಜೆ.

ನವೆಂಬರ್ 1

ಬರೆಯಬಾರದು ಅಂದುಕೊಂಡಿದ್ದ ದಿನ.

ರಾಜ್ಯೋತ್ಸವದ ಮೆರವಣಿಗೆಯಲ್ಲಿ ನಮ್ಮ ಬೆನ್ನಿಗೇ ಡೊಳ್ಳಿನ ಮೇಳ, ಅದರ ಹಿಂದೆ ಜಗ್ಗಲಗಿ ಅನ್ನುವ ದೊಡ್ಡ ಚರ್ಮವಾದ್ಯ. ಡೊಳ್ಳು 120ರ ಲೆಕ್ಕ ಕೇಳುತ್ತದೆಯೇ? ಹುರುಪು ಬಂದಾಗ ಏರುತ್ತದೆ, ದಣಿದಾಗ ಇಳಿಯುತ್ತದೆ. ಐವತ್ತು ಹೆಜ್ಜೆ ನಡೆಯುವಷ್ಟರಲ್ಲಿ ಹಿಂದಿನ ಸಾಲಿನ ಕಾಲು ಡೊಳ್ಳಿನ ಪಾಲಾಗಿತ್ತು. ತಿರುಗಿ ನೋಡುವ ಹಾಗಿಲ್ಲ, ಸದ್ದಿನಲ್ಲೇ ಗೊತ್ತಾಗುತ್ತಿತ್ತು: ಒಂದೇ ಏಟು ಕೇಳಬೇಕಾದ ಕಡೆ ಎರಡೆರಡು.

ಥಮ್ ಅನ್ನುವ ಆದೇಶ ಎಡಗಾಲು ನೆಲಕ್ಕೆ ತಾಗುವಾಗ ಬರಬೇಕು. ಆಮೇಲೆ ಬಲಗಾಲು ಖಾಲಿ (ಎಣಿಕೆಗಿಲ್ಲದ ಹೆಜ್ಜೆ), ಎಡಗಾಲು ಏಕ್, ಬಲಗಾಲು ದೋ. ಅಲ್ಲಿಗೆ ನಿಂತೆವು. ನಾನು ಗಾಬರಿಯಲ್ಲಿ ಬಲಗಾಲಿಗೆ ಕೂಗಿಬಿಟ್ಟೆ. ಅರ್ಧ ಜನ ನಿಂತರು, ಅರ್ಧ ಜನ ಇನ್ನೊಂದು ಹೆಜ್ಜೆ ಹಾಕಿದರು, ಆರಡಿ ಹುಡುಗ ಮುಂದಿನವನ ಹಿಮ್ಮಡಿ ತುಳಿದ. ಡೊಳ್ಳಿನವರು ಮಾತ್ರ ನಮ್ಮ ಹಿಂದೆ ಚೊಕ್ಕವಾಗಿ ನಿಂತರು, ಒಂದೇ ಏಟಿಗೆ.

ತಪ್ಪು ನನ್ನದು. ಸಂಜೆ ಡ್ರಿಲ್ ಕಲಿಸುವ ಉಸ್ತಾದರು ಬೈಯುತ್ತಾರೆಂದು ಕಾದೆ. ಅವರು ಕೇಳಿದ್ದು ಒಂದೇ: “ಕಾನ್ ಕಹಾಂ ಥಾ?” ಕಿವಿ ಎಲ್ಲಿತ್ತು?

ಹಾಗಾಗಿ ನವೆಂಬರ್ ತುಂಬ ಕಿವಿಯ ಅಭ್ಯಾಸ. ಡೊಳ್ಳಿನ ರೆಕಾರ್ಡಿಂಗ್ ಅನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಅದಕ್ಕೆ ಸೋಲದೆ ರೈಟ್ ಮಾರ್ಕರ್‌ನ, ಅಂದರೆ ಮುಂದಿನ ಸಾಲಿನ ಬಲತುದಿಯವನ, ನಾಲದ ಸದ್ದಿಗೇ ಹೆಜ್ಜೆ ಹಾಕುವುದು. ಮೊದಲ ವಾರ ನಗೆಪಾಟಲು. ಕ್ಯಾಂಟೀನಿನ ಹುಡುಗರು ಬಂದು ಕುಣಿದು ಹೋಗುತ್ತಿದ್ದರು. ನಾನು ಬೇರೆ, ರಾತ್ರಿ ಹಾಸ್ಟೆಲ್ ಮೆಟ್ಟಿಲು ಇಳಿಯುವಾಗಲೂ ಎಡಗಾಲಿಗೆ ಥಮ್ ಅನ್ನುತ್ತ ಇಳಿಯುತ್ತಿದ್ದೆ. ನವೆಂಬರಿನ ನಾಲ್ಕನೇ ಭಾನುವಾರ, 27ಕ್ಕೆ, ಎನ್‌ಸಿಸಿ ದಿನ. ಅಷ್ಟರಲ್ಲಿ ಒಂದು ಹಂತಕ್ಕೆ ಬಂದಿದ್ದೆವು.

ಜನವರಿ

6ಕ್ಕೆ ಹಾವೇರಿ, 86ನೇ ಸಾಹಿತ್ಯ ಸಮ್ಮೇಳನದ ಮೊದಲ ದಿನ. ನಸುಕಿನಲ್ಲೇ ಧಾರವಾಡ ಬಿಟ್ಟಿದ್ದೆವು. ಮೆರವಣಿಗೆಯಲ್ಲಿ ಮುಂದೆ ವಾದ್ಯ, ಹಿಂದೆ ವಾದ್ಯ. ನನ್ನ ಹೊಟ್ಟೆಯಲ್ಲಿ ನವೆಂಬರ್ ಒಂದು. ಆದರೆ ಆ ಗದ್ದಲದ ನಡುವೆ ರೈಟ್ ಮಾರ್ಕರ್‌ನ ಹಿಮ್ಮಡಿ ಸದ್ದು ನೂಲಿನೆಳೆಯ ಹಾಗೆ ಕೇಳುತ್ತಿತ್ತು. ಎಡಗಾಲಿಗೆ ಕೂಗಿದೆ. ಖಾಲಿ, ಏಕ್, ದೋ. ಒಂದೇ ಸದ್ದು. ಮಂದಿ ಚಪ್ಪಾಳೆ ಹೊಡೆದದ್ದು ನಮಗಲ್ಲ, ಮುಂದಿನ ಗೊಂಬೆ ಕುಣಿತಕ್ಕೆ. ಪರವಾಗಿಲ್ಲ. ಕಲಘಟಗಿ ಹುಡುಗಿ ತುಟಿ ಅಲುಗಿಸದೆ “ಬಂತ್ರಿ ಅಕ್ಕಾರ” ಅಂದಳು. ಸಾಲಿನಲ್ಲಿ ಮಾತಾಡಿದ್ದಕ್ಕೆ ಬೈಯಬೇಕಿತ್ತು, ಬೈಯಲಿಲ್ಲ.

12ಕ್ಕೆ ಹುಬ್ಬಳ್ಳಿಯ ರೈಲ್ವೆ ಮೈದಾನದಲ್ಲಿ ರಾಷ್ಟ್ರೀಯ ಯುವಜನೋತ್ಸವ ಶುರು. ನಮಗೆ ಸಿಕ್ಕಿದ್ದು ದಾರಿ ತೋರಿಸುವ ಕೆಲಸ. ಐದು ದಿನ ಬೇರೆ ರಾಜ್ಯದವರಿಗೆ ಪೇಢೆ ಎಲ್ಲಿ ಸಿಗುತ್ತದೆ ಅಂತ ಹೇಳಿದ್ದೇ ಹೇಳಿದ್ದು. 26ರ ಪರೇಡ್ ಚೆನ್ನಾಯಿತು, ಬರೆಯಲು ಏನೂ ಇಲ್ಲ.

ಮಾರ್ಚ್

ಗದಗಿನ ಕಾರ್ಯಕ್ರಮವೇ ವರ್ಷದ ಕೊನೆಯದು. ರಾತ್ರಿ ರೈಲಿನಲ್ಲಿ ಹುಬ್ಬಳ್ಳಿಗೆ ಬಂದಿಳಿದೆವು. ಮಾರ್ಚ್ 12ಕ್ಕೆ ಉದ್ಘಾಟನೆಯಾದ 1507 ಮೀಟರಿನ ಪ್ಲಾಟ್‌ಫಾರ್ಮ್ ನೋಡದೆ ಹೋಗುವುದು ಹೇಗೆ? 30 ಇಂಚಿನ ಲೆಕ್ಕದಲ್ಲಿ 1978 ಹೆಜ್ಜೆ, ತೇಜ್ ಚಲ್ ಆದರೆ ಹದಿನಾರೂವರೆ ನಿಮಿಷ. ರೈಲಿನಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದ್ದೆವು.

ಕಾಲಲ್ಲಿ ಚಪ್ಪಲಿ, ಹೆಗಲಲ್ಲಿ ಬೂಟು, ನಾಲ್ವರು ಹರಟೆ ಹೊಡೆಯುತ್ತ ಹೊರಟೆವು. ಯಾವಾಗ ಹೆಜ್ಜೆ ಕೂಡಿತೋ ಗೊತ್ತಾಗಲಿಲ್ಲ. ಚಹಾದ ಅಂಗಡಿ ಹತ್ತಿರ ಬಂದಾಗ ಆರಡಿ ಹುಡುಗ ಮೆಲ್ಲಗೆ “ಥಮ್” ಅಂದ, ಸರಿಯಾಗಿ ಎಡಗಾಲಿಗೆ. ಎಂಟೂ ಕಾಲು ನಿಂತವು. ಹಿಂದೆ ಚೀಲ ಹೊತ್ತು ಬರುತ್ತಿದ್ದ ಯಜಮಾನರು ನಮಗೆ ಡಿಕ್ಕಿ ಹೊಡೆದರು.

“ಏನ್ರೀ, ನಡು ದಾರ್ಯಾಗ ಹಿಂಗ ನಿಂತ್ಬಿಟ್ರ ಹೆಂಗ?”