ಆತಕೂರಿನ ಕಲ್ಲು: 949 ಅನ್ನಬೇಕೋ, 950 ಅನ್ನಬೇಕೋ?

ಆತಕೂರಿನ ವೀರಗಲ್ಲಿನ ಫೋಟೋ ವಾಟ್ಸಾಪಿನಲ್ಲಿ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ನಾಯಿಯೂ ಹಂದಿಯೂ ಸೆಣಸುವ ಶಿಲ್ಪ. ಅದರ ಕೆಳಗೆ ಒಂದು ಸಾಲು: ‘ಜಗತ್ತಿನ ಮೊಟ್ಟಮೊದಲ ನಾಯಿ ಸ್ಮಾರಕ, ಕ್ರಿ.ಶ. 950’.

ಈ ಒಂದು ಸಾಲಿನೊಳಗೆ ಮೂರು ಮಾತುಗಳಿವೆ, ಮೂರನ್ನೂ ಒಂದೇ ಕಡೆ ಹುಡುಕಿದರೆ ಸಿಗುವುದಿಲ್ಲ. ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಎನ್ನುವುದನ್ನು ಶಾಸನವೇ ಹೇಳುತ್ತದೆ: ಮಣಲೆರ ಎಂಬ ವೀರ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. 950 ಎನ್ನುವುದು ಕಲ್ಲಿನಲ್ಲಿಲ್ಲ, ಯಾರೋ ಲೆಕ್ಕ ಹಾಕಿದ್ದು. ‘ಜಗತ್ತಿನ ಮೊದಲ’ ಎನ್ನುವುದನ್ನು ಯಾವ ಕಲ್ಲೂ ಹೇಳಲಾರದು, ಅದು ಪೂರ್ತಿ ಈ ಕಾಲದವರ ಸೇರ್ಪಡೆ. ‘ಮೊದಲ’, ‘ಏಕೈಕ’, ‘ಅತಿ ಹಳೆಯ’ ಎಂಬ ಪದ ಕಂಡಾಗಲೆಲ್ಲ ಅದನ್ನು ಬೇರ್ಪಡಿಸಿ ಪಕ್ಕಕ್ಕಿಟ್ಟು ಉಳಿದದ್ದನ್ನು ಹುಡುಕಲು ಹೊರಡುವುದೇ ಸರಿ.

ಹುಡುಕಬೇಕಾದದ್ದು ಎಲ್ಲಿ? ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳಾದರೆ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಸರಣಿ. ಧಾರವಾಡ, ಬಿಜಾಪುರದ ಕಡೆಯದಕ್ಕೆ ಅದನ್ನು ತಿರುವಿ ಹಾಕಿ ಪ್ರಯೋಜನವಿಲ್ಲ. ಅವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್, ಎಪಿಗ್ರಾಫಿಯಾ ಇಂಡಿಕಾ, ಇಂಡಿಯನ್ ಆಂಟಿಕ್ವೆರಿಗಳಲ್ಲಿ ಹರಡಿಕೊಂಡಿವೆ. ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು, ಅಲ್ಲಿಯ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್‌ನ 9ನೇ ಸಂಪುಟದಲ್ಲಿವೆ. ಊರು ಈಗ ಯಾವ ಜಿಲ್ಲೆ ಎನ್ನುವುದಕ್ಕಿಂತ ಆಗ ಯಾರ ಆಡಳಿತದಲ್ಲಿತ್ತು ಎಂದು ಮೊದಲು ನೋಡಿಕೊಳ್ಳಬೇಕು. ಆತಕೂರು ಈಗ ಮದ್ದೂರು ತಾಲ್ಲೂಕು, ಆದರೆ ಎಪಿಗ್ರಾಫಿಯಾ ಕರ್ನಾಟಿಕಾದ 1894ರ ಮೂರನೇ ಸಂಪುಟದಲ್ಲಿ ಅದನ್ನು ಮಂಡ್ಯ 41, ಅಂದರೆ ಮಂಡ್ಯ ತಾಲ್ಲೂಕಿನ 41ನೇ ಶಾಸನ, ಎಂದು ಹುಡುಕಬೇಕು.

ಈ ಸಂಪುಟಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಕನ್ನಡದಲ್ಲಿ ಹುಡುಕಿದರೆ ಸಿಗುವುದು ಕಡಿಮೆ, ಯಾಕೆಂದರೆ ಹಳೆಯ ಕನ್ನಡ ಅಚ್ಚನ್ನು ಯಂತ್ರ ಓದುವಾಗ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಊರಿನ ಹೆಸರನ್ನು ರೋಮನ್ ಲಿಪಿಯಲ್ಲಿ, ದೀರ್ಘದ ಗೆರೆ ಬಿಟ್ಟು, ಮೂರು ನಾಲ್ಕು ರೀತಿಯಲ್ಲಿ ಬರೆದು ಹುಡುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಕಡತಗಳ ಶೀರ್ಷಿಕೆ, ಸಂಪುಟ, ವರ್ಷ ಮೂರೂ ತಪ್ಪಿರುವುದುಂಟು. ತಾಣದಲ್ಲಿ ಬರೆದಿರುವುದನ್ನು ನಂಬಬೇಡಿ, ಪುಸ್ತಕದ ಮುಖಪುಟವನ್ನೇ ತೆರೆದು ನೋಡಿ. ಒಂದೇ ಸಂಪುಟದ ಎರಡು ಸ್ಕ್ಯಾನ್ ಸಿಕ್ಕರೆ ಎರಡನ್ನೂ ಇಳಿಸಿಕೊಳ್ಳಿ. ಒಂದರಲ್ಲಿ ಹಾರಿಹೋದ ಹಾಳೆ ಇನ್ನೊಂದರಲ್ಲಿ ಇರಬಹುದು. ಮಡಚಿದ ಪಡಿಯಚ್ಚಿನ (ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಒತ್ತಿ ತೆಗೆದ ಪ್ರತಿಯ) ಹಾಳೆಗಳನ್ನಂತೂ ಬಿಡಿಸದೆಯೇ ಸ್ಕ್ಯಾನ್ ಮಾಡಿರುತ್ತಾರೆ.

ಹಳೆಯ ಸಂಪುಟಗಳಲ್ಲಿ ಪೀಠಿಕೆ, ಅನುವಾದ, ರೋಮನ್ ಪಾಠ, ಕನ್ನಡ ಪಾಠ ಪ್ರತಿಯೊಂದಕ್ಕೂ ಪುಟಸಂಖ್ಯೆ ಬೇರೆ ಬೇರೆ. ಹಾಗಾಗಿ ‘ಪುಟ 92’ ಎಂದು ಉಲ್ಲೇಖಿಸಿದರೆ ಓದುಗನಿಗೆ ಏನೂ ಹೇಳಿದಂತಾಗಲಿಲ್ಲ. ತಾಲ್ಲೂಕು ಮತ್ತು ಶಾಸನ ಸಂಖ್ಯೆ ಕೊಡಬೇಕು. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆಯೂ ಸಂಖ್ಯೆಗಳೂ ಬದಲಾಗಿವೆ. ಯಾವ ಆವೃತ್ತಿ ಎಂದು ಬರೆಯದ ಉಲ್ಲೇಖ ಅರ್ಧ ವಿಳಾಸ ಇದ್ದ ಹಾಗೆ.

ಇನ್ನು ಆವರಣ ಚಿಹ್ನೆಗಳು. ಶಾಸನ ಪಾಠದಲ್ಲಿ ಚೌಕ ಆವರಣದೊಳಗಿನ ಅಕ್ಷರ ಸಾಮಾನ್ಯವಾಗಿ ಸವೆದು ಅನುಮಾನದಿಂದ ಓದಿದ್ದು ಅಥವಾ ಸಂಪಾದಕರು ತುಂಬಿದ್ದು. ದುಂಡು ಆವರಣದ್ದು ತಿದ್ದುಪಡಿ. ಒಂದೊಂದು ಸರಣಿಯಲ್ಲಿ ರೂಢಿ ಸ್ವಲ್ಪ ಬೇರೆ, ಪೀಠಿಕೆಯಲ್ಲಿ ವಿವರಿಸಿರುತ್ತಾರೆ. ಜಾಲದಲ್ಲಿ ನಕಲು ಮಾಡಿ ಅಂಟಿಸುವವರು ಮೊದಲು ಕೀಳುವುದೇ ಈ ಆವರಣಗಳನ್ನು, ಓದಲು ಅಡ್ಡ ಬರುತ್ತವೆಂದು. ಅಲ್ಲಿಗೆ ಸಂಪಾದಕರ ಊಹೆ ರಾಜನ ಮಾತಾಗಿಬಿಡುತ್ತದೆ. ಊರಿನ ಹೆಸರೋ ಬಿರುದೋ ಒಂದೇ ಶಾಸನದ ಆಧಾರದ ಮೇಲೆ ನಿಂತಿದ್ದರೆ ಆ ಅಕ್ಷರಗಳು ಆವರಣದ ಒಳಗಿವೆಯೋ ಹೊರಗಿವೆಯೋ ಎಂದು ನೋಡದೆ ಮುಂದೆ ಹೋಗಬಾರದು.

ಈಗ ಇಸವಿ. ಆತಕೂರಿನ ಶಾಸನ ಕೊಡುವುದು ಶಕವರ್ಷ 872, ಸೌಮ್ಯ ಸಂವತ್ಸರ. 872ಕ್ಕೆ 78 ಕೂಡಿಸಿದರೆ 950. ಎಲ್ಲರೂ ಇಲ್ಲಿಗೇ ನಿಲ್ಲುತ್ತಾರೆ, ಸಂವತ್ಸರವನ್ನು ಕೇಳುವುದೇ ಇಲ್ಲ. ಕೇಳುವ ಬಗೆ ಸುಲಭ: ಕಳೆದ, ಅಂದರೆ ಪೂರ್ತಿ ಮುಗಿದ, ಶಕವರ್ಷಗಳ ಸಂಖ್ಯೆಗೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ. ಶೇಷ ಸೊನ್ನೆಯಾದರೆ ಅಕ್ಷಯ. ಸೂತ್ರ ಸರಿಯೇ ಎಂದು ನೋಡಲು 2024ರ ಯುಗಾದಿಗೆ ಬಂದ ಶಕ 1946 ತೆಗೆದುಕೊಳ್ಳಿ: 1958ನ್ನು 60ರಿಂದ ಭಾಗಿಸಿದರೆ ಶೇಷ 38, ಕ್ರೋಧಿ. ಸರಿಯಾಯಿತು. 872ಕ್ಕೆ ಮಾಡಿದರೆ 884, ಶೇಷ 44, ಸಾಧಾರಣ. ಆದರೆ ಕಲ್ಲು ಹೇಳುವುದು ಸೌಮ್ಯ, ಅಂದರೆ 43. ಒಂದು ವರ್ಷ ಹಿಂದೆ.

ಕಾರಣ, ಇಲ್ಲಿನ 872 ಕಳೆದ ವರ್ಷವಲ್ಲ, ನಡೆಯುತ್ತಿರುವ ವರ್ಷ. ಶಾಸನದಲ್ಲಿ ಸಂಖ್ಯೆಯ ಕೊನೆಗೆ ‘ನೆಯ’ ಇದೆ, ಅಂದರೆ 872ನೆಯ ವರ್ಷ. ಕಳೆದದ್ದು 871, ಹಾಗಾಗಿ ಕಾಲ ಕ್ರಿ.ಶ. 949-50. ಬರೀ ನಾಯಿಯ ಮಾತಾಗಿದ್ದರೆ ಒಂದು ವರ್ಷ ಆಚೀಚೆ ಆದರೂ ನಡೆದೀತು. ಆದರೆ ಚೋಳ ರಾಜಾದಿತ್ಯನನ್ನು ಗಂಗರ ಬೂತುಗ ಕೊಂದ ತಕ್ಕೋಲಂ ಕಾಳಗವೂ ಇದೇ ಕಲ್ಲಿನಲ್ಲಿದೆ. ಪುಸ್ತಕಗಳಲ್ಲಿ ಆ ಕಾಳಗಕ್ಕೆ ಸಾಮಾನ್ಯವಾಗಿ 949 ಎಂದಿರುತ್ತದೆ. ಅದನ್ನೂ ‘ಕ್ರಿ.ಶ. 950’ರ ಕಲ್ಲನ್ನೂ ಒಂದೇ ಲೇಖನದಲ್ಲಿ ಪಕ್ಕಪಕ್ಕ ಇಟ್ಟವರಿದ್ದಾರೆ.

ತಿಥಿ ಪುಷ್ಯ ಮಾಘಕ್ಕೆ ಬಂದರೆ 78ರ ಬದಲು 79 ಕೂಡಿಸಬೇಕಾಗಬಹುದು, ಜನವರಿ ದಾಟಿರುತ್ತದೆ. ತಿಥಿಯೂ ವಾರವೂ ಇದ್ದರೆ ಹಳೆಯ ತಿಥಿಗಳಿಗೆ ಇಂಗ್ಲಿಷ್ ತಾರೀಖು ಕೊಡುವ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ‘ಇಂಡಿಯನ್ ಎಫಿಮೆರಿಸ್‌’ನಲ್ಲಿ ತಾಳೆ ನೋಡಬಹುದು. ಕಳೆದ ವರ್ಷವೆಂದರೂ ನಡೆಯುತ್ತಿರುವ ವರ್ಷವೆಂದರೂ ಲೆಕ್ಕ ಹೊಂದದಿದ್ದರೆ ಕೆತ್ತಿದವನ ತಪ್ಪೋ, ಓದಿದವರ ತಪ್ಪೋ, ಅಥವಾ ನಂತರ ಹುಟ್ಟಿಸಿದ ಶಾಸನವೋ ಎಂದು ಅನುಮಾನಿಸಬೇಕು. ತಾಮ್ರಪಟಗಳಲ್ಲಿ ಈ ಕೊನೆಯದು ಅಪರೂಪವೇನಲ್ಲ.

ಸುತ್ತುವ ವಾಕ್ಯದ ಹುಟ್ಟು ಹುಡುಕಲು ಅದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ವಿಕಿಪೀಡಿಯದಲ್ಲಿ ಪುಟದ ‘ಇತಿಹಾಸ’ ತೆರೆದರೆ ಆ ಸಾಲು ಯಾವ ದಿನ ಸೇರಿತು ಎಂದು ತಿಳಿಯುತ್ತದೆ. ಆಧಾರವೆಂದು ಕೊಟ್ಟ ಪತ್ರಿಕಾ ವರದಿ ಆ ದಿನದ ನಂತರದ್ದಾಗಿದ್ದರೆ ವರದಿಗಾರ ಅಲ್ಲಿಂದಲೇ ಎತ್ತಿರುವ ಸಾಧ್ಯತೆ ಹೆಚ್ಚು. ಹತ್ತು ಬ್ಲಾಗುಗಳು ಒಂದೇ ಮಾತು ಹೇಳಿದರೂ, ಕಾಗುಣಿತದ ತಪ್ಪು ಕೂಡ ಒಂದೇ ಆಗಿದ್ದರೆ ಅದು ಒಂದೇ ಸಾಕ್ಷಿ.

ಕೊನೆಗೆ ಕಲ್ಲೇ. ಆತಕೂರಿನದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರು ಸುತ್ತಲಿನ ಕಲ್ಲುಗಳಾದರೆ ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಮಾಡಿರುವ ಮೂರು ಆಯಾಮದ ಸ್ಕ್ಯಾನ್‌ಗಳನ್ನು ಪರದೆಯಲ್ಲೇ ತಿರುಗಿಸಿ ಅಕ್ಷರ ನೋಡಬಹುದು. ಸಾಮಾನ್ಯ ಫೋಟೋದಲ್ಲಿ ಬೆಳಕು ನೇರ ಬಿದ್ದಿದ್ದರೆ ಸವೆದ ಅಕ್ಷರ ಕಾಣುವುದಿಲ್ಲ, ಓರೆ ಬೆಳಕಿನದನ್ನೇ ಹುಡುಕಿ.