ಹಳದಿ ಬಂದ ಮಾತ್ರಕ್ಕೆ ಝಿಕಾ ಅಲ್ಲ

ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲಿಸಾ ಟೆಸ್ಟಿನ ಪ್ಲೇಟಿನಲ್ಲಿ 96 ಗುಳಿ. ಕೊನೆಯಲ್ಲಿ ಆಸಿಡ್ ಹಾಕಿದ ಕೂಡಲೇ ನೀಲಿ ಇದ್ದದ್ದು ಹಳದಿಗೆ ತಿರುಗುತ್ತದೆ. ಹನ್ನೊಂದು ವರ್ಷದಿಂದ ಲ್ಯಾಬಿನಲ್ಲಿ ಇದನ್ನೇ ನೋಡುತ್ತಿದ್ದೇನೆ. ಮಾಮೂಲಿ ಟೆಸ್ಟಿನಲ್ಲಿ ಹಳದಿ ಗಾಢವಾಗಿದ್ದಷ್ಟೂ ರಕ್ತದಲ್ಲಿ ಪ್ರತಿಕಾಯ ಜಾಸ್ತಿ. ಆದರೆ ಯಾವ ವೈರಸ್ಸಿಗೆ ಹುಟ್ಟಿದ ಪ್ರತಿಕಾಯ ಅಂತ ಬಣ್ಣ ಹೇಳುವುದಿಲ್ಲ.

ಹೋದ ವಾರ ಅಕ್ಕನ ಮಗಳು ಫೋನ್ ಮಾಡಿದಳು. ನಾಲ್ಕು ತಿಂಗಳ ಬಸುರಿ. ಎರಡು ತಿಂಗಳ ಹಿಂದೆ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿತ್ತು. ಈಗ ಯಾವುದೋ ಲ್ಯಾಬಿನ ರಿಪೋರ್ಟಿನಲ್ಲಿ ಝಿಕಾ ಐಜಿಜಿ ಪಾಸಿಟಿವ್, ಅಂದರೆ ಝಿಕಾ ವೈರಸ್ಸಿನ ಪ್ರತಿಕಾಯ ಕಂಡಿದೆ ಎಂದು. "ಚಿಕ್ಕಮ್ಮಾ, ಮಗುವಿನ ತಲೆ ಸಣ್ಣದಾಗುತ್ತಾ?" ಅಂತ ಅಳುತ್ತಿದ್ದಳು. ಬಸುರಿಯಲ್ಲಿ ಝಿಕಾ ತಗುಲಿದರೆ ಕೆಲವೊಮ್ಮೆ ಹಾಗಾಗುತ್ತದೆ. ನನಗೆ ತಟ್ಟನೆ ನೆನಪಾಗಿದ್ದು 2019. ಆ ವರ್ಷ ಅವಳಿಗೆ ಡೆಂಗಿ ಆಗಿತ್ತು.

ಡೆಂಗಿ, ಝಿಕಾ ಎರಡೂ ಒಂದೇ ಮನೆತನದ ವೈರಸ್‌ಗಳು, ಹರಡುವುದೂ ಒಂದೇ ಈಡಿಸ್ ಸೊಳ್ಳೆ. ಎರಡರ ಹೊರಕವಚದ ಪ್ರೋಟೀನಿನಲ್ಲಿ ಒಂದು ತುಣುಕಂತೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಹಾಗಾಗಿ ಡೆಂಗಿಗೆ ಹುಟ್ಟಿದ ಪ್ರತಿಕಾಯ ಝಿಕಾ ಟೆಸ್ಟಿನಲ್ಲೂ ಹೋಗಿ ಅಂಟಿಕೊಂಡುಬಿಡುತ್ತದೆ. ವೈರಸ್ಸನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿಸಬಹುದಿತ್ತಲ್ಲ ಅಂದರೆ, ವೈರಸ್ ರಕ್ತದಲ್ಲಿ ಸಿಗುವುದು ಹೆಚ್ಚಾಗಿ ಮೊದಲ ವಾರದಲ್ಲಿ. ಎರಡು ತಿಂಗಳಾದ ಮೇಲೆ ಸಾಮಾನ್ಯವಾಗಿ ಉಳಿಯುವುದು ಪ್ರತಿಕಾಯ ಮಾತ್ರ.

ಬ್ರೆಜಿಲ್‌ನಲ್ಲಿ 2015ರಲ್ಲಿ ಆದ ಪಾಡೂ ಇದೇ. ಡೆಂಗಿ ಹಳೆಯದಾಗಿ ಬೇರೂರಿದ್ದ ಊರುಗಳಿಗೇ ಝಿಕಾ ಬಂತು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಸಾರಿದಾಗ, ಬಸುರಿಯರಿಗೆ ಖಚಿತವಾಗಿ ಹೌದು ಅಥವಾ ಅಲ್ಲ ಅನ್ನುವ ಪ್ರತಿಕಾಯ ಪರೀಕ್ಷೆ ಕೈಯಲ್ಲಿರಲಿಲ್ಲ. ಪಿಆರ್‌ಎನ್‌ಟಿ ಇತ್ತು ನಿಜ: ಜೀವಂತ ವೈರಸ್ಸಿಗೆ ರೋಗಿಯ ಸೀರಮ್ (ರಕ್ತದ ತಿಳಿ) ಬೆರೆಸಿ, ಜೀವಕೋಶಗಳ ಹಾಸಿನ ಮೇಲೆ ಹಾಕಿ, ಎಷ್ಟು ತೂತು ಬೀಳುತ್ತವೆ ಎಂದು ದಿನಗಟ್ಟಲೆ ಕಾದು ಎಣಿಸುವುದು. ತೂತು ಕಡಿಮೆ ಇದ್ದರೆ ಪ್ರತಿಕಾಯ ಆ ವೈರಸ್ಸನ್ನು ತಡೆದಿದೆ ಎಂದರ್ಥ. ಮೊದಲೇ ಡೆಂಗಿ ಆದವರಲ್ಲಿ ಅದೂ ಗೊಂದಲ ಮಾಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆ. ಅದರಲ್ಲಿ ನಿಕರಾಗುವಾದವರ ಕೆಲಸವೂ ಇತ್ತು. ಹೊರಕವಚ ಬಿಟ್ಟು ವೈರಸ್ಸಿನ ಎನ್‌ಎಸ್1 ಎಂಬ ಇನ್ನೊಂದು ಪ್ರೋಟೀನ್ ಹಿಡಿದರು. ಅದರಲ್ಲೂ ಝಿಕಾಗೆ ಮಾತ್ರ ಇರುವ ಒಂದು ಜಾಗ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ರೋಗಿಯ ರಕ್ತದಲ್ಲಿ ನಿಜವಾದ ಝಿಕಾ ಪ್ರತಿಕಾಯ ಇದ್ದರೆ ಅದು ಮೊದಲೇ ಆ ಸೀಟು ಹಿಡಿದಿರುತ್ತದೆ, ನಾವು ಆಮೇಲೆ ಹಾಕುವ ಗುರುತಿನ ಪ್ರತಿಕಾಯಕ್ಕೆ ಜಾಗ ಸಿಗುವುದಿಲ್ಲ, ಬಣ್ಣ ಇಳಿಯುತ್ತದೆ. ಡೆಂಗಿಯದ್ದಕ್ಕೆ ಸಾಮಾನ್ಯವಾಗಿ ಆ ಸೀಟು ಸಿಗುವುದಿಲ್ಲ.

ಕಿಟ್ ಮಾರುವವರು ಬಂದಾಗ ನಾನು ಕೇಳುವುದು ಒಂದೇ: ನಿಮ್ಮ ಟೆಸ್ಟನ್ನು ಯಾರ ರಕ್ತದ ಮೇಲೆ ಪರೀಕ್ಷಿಸಿದ್ದೀರಿ? ಡೆಂಗಿಯನ್ನೇ ಕಾಣದವರ ರಕ್ತದ ಮೇಲೆ ನೂರಕ್ಕೆ ತೊಂಬತ್ತೊಂಬತ್ತು ಸರಿ ಬಂದರೆ ನಮಗೇನು ಪ್ರಯೋಜನ? ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಆಗದೆ ಡೆಂಗಿ ಬಂದು ಹೋಗಿರುತ್ತದೆ. ಬಳ್ಳಾರಿ, ಕೊಪ್ಪಳದ ಕಡೆ ಮಕ್ಕಳಿಗೆ ಮೆದುಳು ಜ್ವರದ ಜೆಇ ಲಸಿಕೆ ಹಾಕುತ್ತಾರೆ, ಅದೂ ಇದೇ ಮನೆತನದ ವೈರಸ್. ಅಂಥವರ ಸೀರಮ್ ಮೇಲೆ ಗೆಲ್ಲದ ಟೆಸ್ಟ್ ಇಲ್ಲಿ ಸುಮ್ನೆ ಹೆದರಿಸುತ್ತದೆ ಅಷ್ಟೇ.

ಹಾಗಂತ ಝಿಕಾ ಇಲ್ಲಿಲ್ಲ ಎಂದಲ್ಲ. 2022ರ ಡಿಸೆಂಬರಿನಲ್ಲಿ ರಾಯಚೂರಿನ ಐದು ವರ್ಷದ ಮಗುವಿಗೆ ಬಂದದ್ದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಖಚಿತಪಡಿಸಿತ್ತು. ಅದಕ್ಕೇ ಅವಳಿಗೆ "ಏನಿಲ್ಲ ಬಿಡು" ಅನ್ನಲು ನನಗೆ ಬಾಯಿ ಬರಲಿಲ್ಲ. ಸ್ಕ್ಯಾನ್ ಮಾಡಿಸುತ್ತಾ ಇರು, ರಕ್ತ ಮತ್ತೆ ಕಳಿಸೋಣ ಎಂದೆ. ಇವತ್ತು ಬೆಳಿಗ್ಗೆ ಸ್ಯಾಂಪಲ್ ಐಸ್ ಪ್ಯಾಕಿನಲ್ಲಿ ಹೊರಟಿತು. ಜೊತೆಗಿನ ಚೀಟಿಯಲ್ಲಿ "2019ರಲ್ಲಿ ಡೆಂಗಿ ಆಗಿತ್ತು" ಎಂದು ನಾನೇ ಬರೆದು, ಕೆಳಗೆ ಎರಡು ಗೆರೆ ಎಳೆದೆ.