ಟೀಚರ್ ಮನೆಯ ಈಳಿಗೆಮಣೆ

ಹಾಸನದ ನಮ್ಮ ಬೀದಿಯಲ್ಲಿ ಡ್ರಾಯಿಂಗ್ ಟೀಚರ್ ಒಬ್ಬರಿದ್ದಾರೆ, ಈಗ ನಿವೃತ್ತರು. ಮೊನ್ನೆ ಭಾನುವಾರ ಅಮ್ಮನ ಜೊತೆ ಅವರ ಮನೆಗೆ ಹೋದಾಗ ಗೋಡೆ ಮೇಲೆ ಹೊಸ ಜಲವರ್ಣ ಚಿತ್ರವೊಂದು ಇತ್ತು. ಒಂದು ಈಳಿಗೆಮಣೆ, ಅಷ್ಟೇ. ಪಕ್ಕದಲ್ಲಿ ಒಂದು ಬದನೆಕಾಯಿ ಕೂಡ ಇಲ್ಲ.

ಜಲವರ್ಣ ಅಂದರೆ ನನಗೆ ನೆನಪಾಗುತ್ತಿದ್ದದ್ದು ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಚಿತ್ರಗಳು. ಬೆಟ್ಟ, ಮೋಡ ನೀರಿನ ಬಣ್ಣಕ್ಕೆ ಸುಲಭವಾಗಿ ಒಲಿಯುತ್ತವೆ. ಕಬ್ಬಿಣ ಹೇಗೆ ಒಲಿಯಬೇಕು?

ಅಮ್ಮ ಹತ್ತಿರ ಹೋಗಿ ನೋಡಿ, "ಏನ್ ಟೀಚರೇ, ಈಗ್ತಾನೆ ಸಾಣೆ ಹಿಡಿಸಿದ್ದೀರಾ?" ಅಂದರು. ಟೀಚರ್ ಮುಖ ಅರಳಿತು.

ಆ ಹರಿತವೆಲ್ಲ ಇದ್ದದ್ದು ಅಲಗಿನ ಅಂಚಿನ ಬಿಳಿ ಗೆರೆಯಲ್ಲಿ. ಅದು ಬಳಿದ ಬಿಳಿಯಲ್ಲ, ಕಾಗದವೇ. ಜಲವರ್ಣ ಪಾರದರ್ಶಕ. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಬೇಕು, ಬೆಳಕು ಬೇಕಾದ ಕಡೆ ಮೊದಲೇ ಜಾಗ ಬಿಟ್ಟಿರಬೇಕು. ಅಲಗಿನ ಮೈಗೆ ಟೀಚರ್ ಕಪ್ಪು ಬಣ್ಣ ಮುಟ್ಟಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಸೇರಿಸಿದ್ದಾರೆ. ಆ ನೀಲಿಯ ಕಣಗಳು ಒರಟು ಕಾಗದದ ಗುಳಿಗಳಲ್ಲಿ ಇಳಿದು ಕೂರುತ್ತವೆ. ಹಾಗಾಗಿ ಮೈ ನುಣುಪಾಗದೆ, ತುಕ್ಕು ತಿಂದ ಕಬ್ಬಿಣದ ಹಾಗೇ ಕಾಣುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಮಣೆ. ಕಾಲು ಊರಿ ಕೂರುವ ಜಾಗ ಸವೆದು ಬಣ್ಣ ಬಿಟ್ಟಿದೆ. ಅಲ್ಲಿ ಹಚ್ಚಿದ ಕಂದನ್ನು ಒದ್ದೆ ಕುಂಚದಿಂದ ನೆನೆಸಿ, ಬಟ್ಟೆಯಿಂದ ಒತ್ತಿ ತೆಗೆದಿದ್ದಾರೆ. ಎಷ್ಟೋ ವರ್ಷ ಸಾರಿಗೆ, ಪಲ್ಯಕ್ಕೆ ಹೆಚ್ಚಿದ ಹೆಂಗಸೊಬ್ಬಳು ಚಿತ್ರದಲ್ಲಿ ಇಲ್ಲದೆಯೂ ಇದ್ದಾಳೆ.

ಹಳೇಬೀಡಿನ ಗೋಡೆ ನೋಡಿ ಬೆಳೆದವರು ನಾವು. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬೆರಳಿಡುವಷ್ಟೂ ಖಾಲಿ ಜಾಗವಿಲ್ಲ. ಆ ಕೆತ್ತನೆಗೆ ಕೈಮುಗಿಯುತ್ತೇನೆ. ಆದರೆ ಮುಕ್ಕಾಲು ಭಾಗ ಖಾಲಿ ಬಿಟ್ಟ ಈ ಕಾಗದದ ಮುಂದೆಯೂ ಅಷ್ಟೇ ಹೊತ್ತು ನಿಲ್ಲಬೇಕು ಅನ್ನಿಸಿತು.

ಕಾಯಿ ತುರಿಯುವ ಹಲ್ಲುಗಳು ಮಾತ್ರ ಒಂದೇ ಸಮ ಬಂದಿವೆ. ಹಳೇ ಈಳಿಗೆಯ ಹಲ್ಲು ಅಷ್ಟು ಚೆಂದಾಗಿ ಇರಲ್ಲ, ಅಲ್ವಾ? ಟೀಚರ್‌ಗೆ ಹೇಳಿದೆ. "ನಂಗೂ ಅದೇ ಅನುಮಾನ ಕಣೋ" ಅಂದರು. ಮುಂದಿನದು ಒರಳುಕಲ್ಲಂತೆ. ನಮ್ಮ ಹಿತ್ತಲಲ್ಲಿರುವುದನ್ನೇ ಬಿಡಿಸಿ ಅಂತ ಅಮ್ಮ ಆಗಲೇ ಮಾತಾಡಿಯಾಗಿದೆ.